ಅಂಗೈ ನಿಲ್ಲಲಿಲ್ಲ

ಶಿವಕುಮಾರಿಗೆ ಥೈರಾಯ್ಡ್ ಗ್ರಂಥಿ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ, ಗಂಟು ಇದೆಯೆಂದು ಪೂರ್ತಿ ತೆಗೆದುಹಾಕಿದ್ದರು. ಅಂದಿನಿಂದ ಅವಳ ಮೈಯ ಬಿಸಿ, ನಡಿಗೆ, ನಗರ್ತಪೇಟೆಯ ಆ ಮಹಡಿ ಮನೆಯಲ್ಲಿ ಎಲ್ಲರನ್ನೂ ಬೈಯುವ ಕಸುವು, ಎಲ್ಲವೂ ಬೆಳಗಿನ ಒಂದು ಗುಳಿಗೆಯ ಮೇಲೆ ನಡೆಯುತ್ತಿತ್ತು.

ಅವಳ ತಂಗಿಯ ಮಗಳು ಹಂಸಾ ಅದೇ ಮನೆಯಲ್ಲಿದ್ದುಕೊಂಡು ಮಲ್ಲೇಶ್ವರದ ಒಂದು ಲ್ಯಾಬಿನಲ್ಲಿ ಟೆಕ್ನೀಷಿಯನ್ ಆಗಿದ್ದಳು. ಮನೆಯವರು ಅವಳನ್ನು 'ನಮ್ಮ ಡಾಕ್ಟ್ರು' ಎನ್ನುತ್ತಿದ್ದರು. ಅವಳೂ ಬೇಡ ಎಂದವಳಲ್ಲ.

ಆಷಾಢದಲ್ಲಿ ಶಿವಕುಮಾರಿಗೆ ನ್ಯುಮೋನಿಯಾ ಹಿಡಿಯಿತು. ಸೋಂಕು ಎಷ್ಟಿದೆ ನೋಡಲು ರಕ್ತ ಲ್ಯಾಬಿಗೆ ಬಂತು. ಅಲ್ಲಿ ಒಂದು ರೂಢಿ: ಮನೆಯವರ ರಕ್ತವಾದರೆ ಉಳಿದ ನಾಲ್ಕು ಹನಿಯನ್ನು ಬೇರೆ ಪರೀಕ್ಷೆಗೂ ಹಾಕಿ ನೋಡಿಬಿಡುವುದು. ಯಾರೂ ಬರೆದುಕೊಟ್ಟಿರುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಹಂಸಾ ಥೈರಾಯ್ಡ್ ಪರೀಕ್ಷೆಗೆ ಹಾಕಿದಳು. ಮೈಯನ್ನು ಬಿಸಿಯಾಗಿಡುವ ಹಾರ್ಮೋನು ಟಿ-ತ್ರೀ ಇರಬೇಕಾದದ್ದರ ಅರ್ಧವೂ ಇರಲಿಲ್ಲ.

"ನಾಳೆಯಿಂದ ಎರಡು ಗುಳಿಗೆ," ಎಂದಳು.

"ಡಾಕ್ಟ್ರನ್ನ ಒಂದ್ ಮಾತು ಕೇಳ್ಬೇಕಾ?" ಎಂದ ಶಿವಕುಮಾರಿಯ ಗಂಡ ಗಂಗಾಧರಯ್ಯ.

"ಕಡಿಮೆ ಇದೆ ದೊಡ್ಡಪ್ಪ. ಕಡಿಮೆ ಇದ್ರೆ ಜಾಸ್ತಿ ಕೊಡೋದು. ಇದ್ರಲ್ಲಿ ಕೇಳೋಕೇನಿದೆ?"

ಜ್ವರ ಬಿಟ್ಟಿತು. ಮೂರನೆಯ ವಾರ ಶಿವಕುಮಾರಿ ಎದ್ದವಳು ಮತ್ತೆ ಕೂರಲೇ ಇಲ್ಲ. ತೊಳೆದ ತಾಮ್ರದ ಚೊಂಬನ್ನೇ ತೊಳೆದಳು. ಮೆಟ್ಟಿಲು ಹತ್ತಿದಳು, ಇಳಿದಳು, ಯಾಕೆ ಇಳಿದೆನೆಂದು ತಿಳಿಯದೆ ಮತ್ತೆ ಹತ್ತಿದಳು. ಫ್ಯಾನಿನ ಕೆಳಗೂ ಬೆವರು. ರವಿಕೆಯ ತೋಳು ಜೋಲತೊಡಗಿತು.

"ನೋಡು, ಹುಡ್ಗಿ ಥರ ಓಡಾಡ್ತಾಳೆ," ಎಂದು ಗಂಗಾಧರಯ್ಯ ಹಿಗ್ಗಿದ.

ಐದನೆಯ ವಾರದ ಒಂದು ಬೆಳಗ್ಗೆ ಹಂಸಾ ಪೂಜೆಯ ಕೋಣೆಗೆ ಇಣುಕಿದಳು. ಶಿವಕುಮಾರಿ ದಿನವೂ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣು ಮಿಟುಕಿಸದೆ ನೋಡುತ್ತಾ ಕೂರುವವಳು. ಅದಾಗದೆ ನೀರೂ ಕುಡಿಯುವವಳಲ್ಲ. ಇವತ್ತು ಆ ಅಂಗೈ ನಡುಗುತ್ತಿತ್ತು. ಲಿಂಗದ ಮೇಲಿನ ಹೂವು ಉದುರಿತು. ಏರಿಸಿದಳು, ಮತ್ತೆ ಉದುರಿತು.

"ಕೈ ನಿಲ್ತಿಲ್ಲ ಕಣೇ. ಶಿವ ಏನೋ ಮುನಿಸ್ಕೊಂಡಿದಾನೆ."

"ವೀಕ್ನೆಸ್ ಅಷ್ಟೇ ದೊಡ್ಡಮ್ಮ," ಎಂದು ಹಂಸಾ ನಾಡಿ ಹಿಡಿದಳು. ನಿಮಿಷಕ್ಕೆ ನೂರ ಮೂವತ್ತು, ಅದೂ ತಾಳತಪ್ಪಿ. ಅವತ್ತೇ ರಕ್ತ ತೆಗೆದು ಓಡಿದಳು. ಟಿ-ತ್ರೀ ಮಿತಿಯ ಎರಡರಷ್ಟು.

ಲ್ಯಾಬಿನ ಚೀಟಿಯನ್ನು ಪರ್ಸಿನೊಳಗೆ ಮಡಿಚಿಟ್ಟಳು. ಸದ್ದಿಲ್ಲದೆ ಒಂದೇ ಗುಳಿಗೆಗೆ ಇಳಿಸಿದರೆ ಯಾರಿಗೂ ತಿಳಿಯದೆ ಎಲ್ಲ ಸರಿಹೋದೀತು ಎಂದುಕೊಂಡಳು. ಮರುದಿನದಿಂದ ಒಂದೇ ಕೊಟ್ಟಳು; ಮೈಯಲ್ಲಿ ಆಗಲೇ ಕೂಡಿದ್ದು ಎರಡು ದಿನಕ್ಕೆ ಇಳಿಯುವಂಥದ್ದಲ್ಲ. ಮೂರನೆಯ ಬೆಳಗ್ಗೆ ಪೂಜೆಯ ಕೋಣೆಯಿಂದ ಟಪ್ಪೆಂದು ಸದ್ದು ಬಂತು. ಲಿಂಗ ನೆಲಕ್ಕೆ ಬಿದ್ದು ಒಡೆದಿತ್ತು. ಶಿವಕುಮಾರಿ ಅದರ ಮುಂದೆ ಕೂತುಬಿಟ್ಟಳು. ಲಿಂಗವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ನೀರಿಲ್ಲ. ಮಧ್ಯಾಹ್ನಕ್ಕೆ ಎಚ್ಚರ ತಪ್ಪಿದಳು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಐದು ವಾರದ ಗುಳಿಗೆಯ ಲೆಕ್ಕ ತಿಳಿದ ಮೇಲೆ ಡಾಕ್ಟರ್ ಮಾಧವಿ ಕೇಳಿದಳು: "ಗುಳಿಗೆ ಯಾರು ಡಬಲ್ ಮಾಡಿದ್ದು?"

"ನಮ್ಮುಡುಗೀನೇ. ಲ್ಯಾಬಲ್ಲಿದಾಳೆ," ಎಂದ ಗಂಗಾಧರಯ್ಯ, ಇನ್ನೂ ಹೆಮ್ಮೆಯಿಂದಲೇ.

ಹಂಸಾ ಪರ್ಸಿನಿಂದ ಚೀಟಿ ತೆಗೆದು ಕೊಟ್ಟಳು. "ಮೂರು ದಿನದಿಂದ ಗೊತ್ತಿತ್ತು ಮೇಡಂ. ಹೇಳ್ಲಿಲ್ಲ. ಜ್ವರದಲ್ಲಿ ಟಿ-ತ್ರೀ ಬಿದ್ದಿತ್ತು, ಅದಕ್ಕೇ..."

"ಬೀಳ್ಲೇಬೇಕು. ಗುಳಿಗೇಲಿರೋದು ಟಿ-ಫೋರ್. ದೇಹ ಅದ್ರಿಂದ ಅಯೋಡಿನ್ ಒಂದು ಕಿತ್ತು ಟಿ-ತ್ರೀ ಮಾಡ್ಕೊಂಡ್ರೇನೇ ಕೆಲ್ಸ. ಕಾಯಿಲೆ ಬಿದ್ದಾಗ ಅದೇ ಅಯೋಡಿನ್‌ನ ಬೇರೆ ಜಾಗದಿಂದ ಕಿತ್ತು, ಕೆಲ್ಸಕ್ಕೆ ಬಾರದ ಟಿ-ತ್ರೀ ಮಾಡಿ ಬಿಸಾಕತ್ತೆ. ಉರಿ ಸಣ್ಣ ಮಾಡ್ಕೊಳ್ಳತ್ತೆ, ಅಷ್ಟೇ. ನೀನು ಸೌದೆ ಒಟ್ಟಿದೆ. ಜ್ವರ ಬಿಡ್ತು, ಎಲ್ಲ ಒಟ್ಟಿಗೆ ಹತ್ಕೊಳ್ತು. ಗುಳಿಗೆ ನಿಜವಾಗ್ಲೂ ಸಾಲ್ದಿದ್ರೆ ಟಿಎಸ್ಎಚ್ ಏರಿರತ್ತೆ. ಅದನ್ನ ನೋಡಿದ್ಯಾ?"

"ನೋಡ್ದೆ. ಸರಿಯಾಗಿತ್ತು."

"ಮತ್ತೆ?"



ಶಿವಕುಮಾರಿ ಹಾಸಿಗೆಯಿಂದಲೇ ತಲೆ ತಿರುಗಿಸಿದಳು. "ಹಂಗಾದ್ರೆ ಶಿವ ಅಲ್ಲ. ನೀನು."

ಗುಳಿಗೆ ಒಂದರಲ್ಲೇ ಉಳಿಯಿತು. ಕೈ ನಿಂತಿತು. ಮಠದ ಅಯ್ಯನವರು ಬಂದು ಹೊಸ ಲಿಂಗ ಕಟ್ಟಿದರು. ಗುಳಿಗೆಯ ಡಬ್ಬಿಯನ್ನು ಶಿವಕುಮಾರಿ ತನ್ನ ಸೀರೆಗಳ ನಡುವೆ ಇಟ್ಟು ಬೀರುವಿಗೆ ಬೀಗ ಹಾಕಿಕೊಂಡಳು. ಹಂಸಾಳನ್ನು ಯಾರೂ ಡಾಕ್ಟ್ರು ಎನ್ನಲಿಲ್ಲ. ಎದೆಯ ತಾಳ ಮಾತ್ರ ಪೂರ್ತಿ ಹಳಿಗೆ ಬರಲಿಲ್ಲ. ಅದಕ್ಕೊಂದು ಬೇರೆ ಗುಳಿಗೆ ಸೇರಿತು.

ಹೋದದ್ದು ಮೂವತ್ತೇಳು ದಿನ, ಆರು ಕಿಲೋ ತೂಕ, ನಲವತ್ತೊಂದು ವರ್ಷ ಅಂಗೈಯಲ್ಲಿದ್ದ ಒಂದು ಲಿಂಗ.