ಎದುರು ಕೂತವರು

ಚೈತನ್ಯಾಳಿಗೆ ಹೆದರಿಕೆ ಇದ್ದದ್ದು ಎರಡು ವಿಷಯಕ್ಕೆ. ಬುಧವಾರದ ಒಳಗೆ ಅಪ್ಪನ ಸ್ವರ ಫೋನಿಗೆ ಇಳಿಯದೇ ಹೋದರೆ? ಇಳಿಸುವ ಗಡಿಬಿಡಿಯಲ್ಲಿ, ನಾಟಕದ ಮಂತ್ರಿಯ ಪಾತ್ರ ಓದಿದವರು ಯಾರೆಂದು ಅಪ್ಪನಿಗೆ ಗೊತ್ತಾಗಿಬಿಟ್ಟರೆ?

ಬುಧವಾರ ಮಂಗಳೂರಿನಲ್ಲಿ ಅಪ್ಪ ತಿರುಮಲೇಶ್ವರ ಭಟ್ಟರ ಗಂಟಲಿನ ಆಪರೇಷನ್. ಗಡ್ಡೆ ಧ್ವನಿಪೆಟ್ಟಿಗೆಯನ್ನೇ ಹಿಡಿದಿತ್ತು. "ಜೀವಕ್ಕೆ ಭಯ ಇಲ್ಲ, ಆದರೆ ಸ್ವರ ಹೋಗ್ತದೆ" ಎಂದು ಡಾಕ್ಟರು ಹೇಳುವಾಗ ಭಟ್ಟರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಬೆಳ್ತಂಗಡಿ ತಾಲೂಕಿಗೆಲ್ಲ ಗೊತ್ತಿದ್ದ ಸ್ವರ ಅದು. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು ಬರೇ ಮಾತಿನಲ್ಲೇ ಕಥೆ ನಡೆಸಬೇಕಾದ ತಾಳಮದ್ದಳೆಯಲ್ಲಿ ಅರ್ಧ ಆಯುಷ್ಯ ಪಾತ್ರವಾಗಿ ಕೂತು ಅರ್ಥ ಹೇಳಿದ ಸ್ವರ. ಅಷ್ಟು ಹೇಳಿದ್ದರಲ್ಲಿ ಒಂದು ತುಂಡಾದರೂ ನೆಟ್ಟಗೆ ರೆಕಾರ್ಡ್ ಆಗಿತ್ತೇ? ಎಲ್ಲಿಂದ! ಮನೆಯಲ್ಲಿದ್ದ ಹಳೆಯ ಕ್ಯಾಸೆಟ್ಟುಗಳಲ್ಲಿ ಚೆಂಡೆ ಕೇಳುತ್ತದೆ, ಕೆಮ್ಮು ಕೇಳುತ್ತದೆ, ಯಾರೋ ಚಾ ತರಲು ಕೂಗುವುದು ಕೇಳುತ್ತದೆ. ಭಟ್ಟರು ಮಾತ್ರ ಬಾವಿಯೊಳಗೆ ಕೂತ ಹಾಗೆ.

ಚೈತನ್ಯಾ ಮೂಡುಬಿದಿರೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಹಳೆಯ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಅಂತರ್ಜಾಲಕ್ಕೆ ಪುಕ್ಕಟೆ ಏರಿಸುವ ಒಂದು ಬಳಗದಲ್ಲಿ ಅವಳೂ ಇದ್ದಾಳೆ. ಸಂಬಳವಿಲ್ಲದ ಕೆಲಸ, ತಲೆಬಿಸಿ ಮಾತ್ರ ಧಾರಾಳ. ಈ ಸಲ ಹಿಡಿದದ್ದು ಅಜ್ಜಂದಿರ ಕಾಲದ ಒಂದು ದೊಡ್ಡ ನಾಟಕ. ಪದ್ಧತಿ ಏನೆಂದರೆ, ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕೂತು ತಮ್ಮ ಪಾತ್ರದ ಮಾತುಗಳನ್ನಷ್ಟೇ ಓದಿ ಕಳಿಸಬೇಕು. ಅರಸ ಮಂತ್ರಿಯನ್ನು ಕಾಣುವುದಿಲ್ಲ, ರಾಣಿ ಅರಸನನ್ನು ಕಾಣುವುದಿಲ್ಲ. ಬಂದದ್ದನ್ನೆಲ್ಲ ಕತ್ತರಿಸಿ ಜೋಡಿಸಿ ಒಂದೇ ಆಸ್ಥಾನದಲ್ಲಿ ಕೂರಿಸುವುದು ಚೈತನ್ಯಾ. ಪುಸ್ತಕ ಹಿಡಿದು ಅಕ್ಷರ ಅಕ್ಷರ ಕೇಳಿ ಪಾಸು ಮಾಡುವುದು ಬಂಟ್ವಾಳದ ನಿವೃತ್ತ ಮಾಸ್ಟ್ರು ಅಬ್ದುಲ್ ವಹಾಬ್. ಅವರದ್ದೊಂದು ಖಡಾಖಂಡಿತ ನಿಯಮ: ಓದುವವರು ಮೊದಲಿಗೆ ಪಾತ್ರದ ಹೆಸರನ್ನೂ ತಮ್ಮ ಹೆಸರನ್ನೂ ತಮ್ಮ ಬಾಯಿಯಿಂದಲೇ ಹೇಳಬೇಕು. "ಯಾರ ಸ್ವರ ಅಂತ ಕೇಳುವವರಿಗೆ ಗೊತ್ತಾಗುದು ಬೇಡ್ವಾ ಟೀಚರ್?" ಎನ್ನುತ್ತಿದ್ದರು.

ಅಪ್ಪನ ವಿಷಯ ತಿಳಿದ ದಿನವೇ ಚೈತನ್ಯಾ ಅರಸನ ಪಾತ್ರವನ್ನು ಅವರಿಗೆಂದು ತೆಗೆದಿಟ್ಟಳು. ಮಂತ್ರಿಗೆ ಜನ ಹುಡುಕಿದ್ದು ವಹಾಬ್ ಮಾಸ್ಟ್ರು. ಫೈಲ್ ಬಂತು, ಕೇಳಿದಳು, ಜೀವ ಬಾಯಿಗೆ ಬಂತು. ಸಿದ್ಧಕಟ್ಟೆಯ ಹೋಟೆಲಿನ ಕಮಲಾಕ್ಷ ಶೆಟ್ಟರು!

ಒಂದು ಕಾಲದಲ್ಲಿ ತಾಳಮದ್ದಳೆಯಲ್ಲಿ ಭಟ್ಟರು ಇದ್ದಲ್ಲಿ ಎದುರಿಗೆ ಶೆಟ್ಟರು ಇರಲೇಬೇಕಿತ್ತು. ಆಮೇಲೆ ಯಾರೋ ಬಂದು ಭಟ್ಟರ ಕಿವಿಯಲ್ಲಿ ಊದಿದರು, "ಭಟ್ರದ್ದು ಮುಗೀತು, ಇನ್ನು ಅವರನ್ನು ಕರೆಯುದು ಬೇಡ" ಅಂತ ಶೆಟ್ಟರು ಸಂಘಟಕರ ಹತ್ತಿರ ಹೇಳಿದ್ದಾರೆ ಎಂದು. ಭಟ್ಟರು ಮನೆಗೆ ಹೋಗಿ ಕೇಳುವವರಲ್ಲ. ಲಾಯಿಲದ ಕೂಟದಲ್ಲಿ, ತುಂಬಿದ ಸಭೆಯ ಎದುರು, ಪಾತ್ರದ ಮಾತಿನೊಳಗೇ ಹೆಣೆದು ಕೇಳಿದರು: "ನನ್ನ ಬೆನ್ನ ಹಿಂದೆ ನನ್ನನ್ನು ಹಳಿದದ್ದು ಹೌದೋ ಅಲ್ಲವೋ?" ಸಭೆಗೆ ಅರ್ಥವಾಗದೆ ಇರುತ್ತದೆಯೇ? ಶೆಟ್ಟರು ಮೈಕ್ ಕೆಳಗಿಟ್ಟು ಎದ್ದು ಹೋದರು. ಕೇಳಿದ್ದಕ್ಕೆ ಉತ್ತರ ಕೊಡದೆ ಎದುರಿನವನು ಎದ್ದು ಹೋಗುವುದೆಂದರೆ ಅರ್ಥ ಹೇಳುವವನಿಗೆ ಕೆನ್ನೆಗೆ ಹೊಡೆದ ಹಾಗೆ. ಅಲ್ಲಿಂದ ಮೇಲೆ ಒಬ್ಬರಿದ್ದ ಕೂಟಕ್ಕೆ ಇನ್ನೊಬ್ಬರಿಲ್ಲ.

ಮಂತ್ರಿ ಯಾರೆಂದು ಅಪ್ಪನಿಗೆ ಹೇಳುವುದೇ ಬೇಡ ಎಂದು ಚೈತನ್ಯಾ ನಿಶ್ಚಯಿಸಿದಳು. ಹೇಗೂ ಎದುರು ಕೂರಬೇಕಾಗಿಲ್ಲವಲ್ಲ.

ಸೋಮವಾರ ಕಕ್ಕಿಂಜೆಯ ಮನೆಯಂಗಳದಲ್ಲಿ ಕಾರಿನ ಗಾಜು ಏರಿಸಿ ಅಪ್ಪನನ್ನು ಒಳಗೆ ಕೂರಿಸಿದಳು. ಹೊರಗಿನ ಸದ್ದು ಬಾರದಿರಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಬೆಳಿಗ್ಗೆ ಮಾತ್ರ ಅಪ್ಪನ ಸ್ವರ ಸ್ವಲ್ಪ ತಿಳಿಯಾಗಿರುತ್ತಿತ್ತು, ಬಿಸಿಲೇರಿದ ಹಾಗೆ ಕಟ್ಟಿಕೊಳ್ಳುತ್ತಿತ್ತು. ಭಟ್ಟರು ಪುಸ್ತಕ ಬಿಡಿಸಿ ಓದಿದರು. ಕೇಳಿದರೆ ಪಂಚಾಯತಿನ ನೋಟೀಸು ಓದಿದ ಹಾಗಿತ್ತು.

"ಅಪ್ಪ, ಸ್ವಲ್ಪ ಸಿಟ್ಟು ಬರ್ಬೇಕು."

"ಎದುರು ಯಾರೂ ಇಲ್ದೆ ಯಾರತ್ರ ಸಿಟ್ಟು ಮಾಡುದು ಮಗಳೆ? ಸ್ಟೇರಿಂಗ್‌ನತ್ರವಾ?"

ಮಂತ್ರಿಯ ಮಾತನ್ನು ತಾನೇ ಓದಿ ನೋಡಿದಳು. "ನೀನು ಪಾಠ ಮಾಡ್ತಾ ಇದ್ದಿ" ಎಂದರು. ಮತ್ತೆ ಓದಿದರು, ಅವಳು ಅಳಿಸಿದಳು, ಮತ್ತೆ ಓದಿದರು. ಅಷ್ಟರಲ್ಲಿ ಅಮ್ಮ ಅನ್ನಪೂರ್ಣೇಶ್ವರಿ ಬಿಸಿನೀರಿನ ಫ್ಲಾಸ್ಕ್ ಹಿಡಿದು ಬಂದು ಗಾಜಿಗೆ ಟಕಟಕ ಬಡಿದರು. "ಗಂಟಲು ನೋಯುವವರನ್ನು ಈ ಪೆಟ್ಟಿಗೆಯೊಳಗೆ ಹಾಕಿ ಬೇಯಿಸ್ತಿ ಅಲ್ವಾ, ನಿನಗೆ ಬುದ್ಧಿ ಉಂಟಾ?" ಸ್ವರ ಕಟ್ಟಿಯೇಬಿಟ್ಟಿತು. ಸೋಮವಾರ ಹಾಗೆ ಹೋಯಿತು.

ಮಂಗಳವಾರ ಮಧ್ಯಾಹ್ನ ಆಸ್ಪತ್ರೆಗೆ ಹೊರಡಬೇಕು. ಇದ್ದದ್ದು ಬೆಳಗ್ಗಿನ ಹೊತ್ತೊಂದೇ. ಚೈತನ್ಯಾಳಿಗೆ ತಿಂಡಿ ಇಳಿಯಲಿಲ್ಲ. ಅಪ್ಪ ಇನ್ನೆಂದೂ ತನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ ಎಂಬುದು ಮತ್ತೆ ಮತ್ತೆ ನೆನಪಾಗುತ್ತಿತ್ತು. ಕಾರಿನಲ್ಲಿ ಮತ್ತೆ ಅದೇ ನೋಟೀಸು ಓದುವ ದನಿ ಕೇಳಿ ಅವಳ ತಾಳ್ಮೆ ಕೆಟ್ಟಿತು. ಆದದ್ದಾಗಲಿ ಎಂದು ಶೆಟ್ಟರ ಫೈಲ್ ತೆರೆದಳು, ಹೆಸರು ಹೇಳುವ ಭಾಗ ದಾಟಿಸಿ ಇಯರ್‌ಫೋನನ್ನು ಅಪ್ಪನ ಕಿವಿಗಿಟ್ಟಳು.

ಹೆಸರು ದಾಟಿಸಿದರೆ ಗೊತ್ತಾಗುವುದಿಲ್ಲವಂತೆ! ಒಂದು ಮಾತು ಮುಗಿಯುವ ಮೊದಲೇ ಭಟ್ಟರ ಮುಖ ಕೆಂಪೇರಿತು. ಇಯರ್‌ಫೋನ್ ಕಿತ್ತು ಸೀಟಿಗೆ ಎಸೆದರು. "ಇದಕ್ಕಾ ನನ್ನನ್ನು ಇಲ್ಲಿ ಕೂರಿಸಿದ್ದು?" ಎಂದು ಬಾಗಿಲು ದಡಾರನೆ ಹಾಕಿ ಗೇಟಿನ ಕಡೆ ನಡೆದರು.

ಹೋಯಿತು, ಎಲ್ಲ ಹೋಯಿತು. ಚೈತನ್ಯಾ ಸೀಟಿನಲ್ಲಿ ಕುಗ್ಗಿ ಕೂತಳು. ಆಪರೇಷನ್ನಿನ ಮುಂಚಿನ ದಿನ ಅಪ್ಪನ ಮನಸ್ಸನ್ನೂ ಕೆಡಿಸಿದೆನಲ್ಲ, ನನ್ನಂಥ ದಡ್ಡಿ ಬೇರೆ ಉಂಟೇ ಎಂದು ಅಳು ಬಂತು. ಭಟ್ಟರು ಗೇಟಿನಲ್ಲಿ ಬೆನ್ನು ಹಾಕಿ ನಿಂತೇ ಇದ್ದರು. ಚಾರ್ಮಾಡಿ ಕಡೆಯ ಬಸ್ಸು ಹೋಯಿತು. ಆಮೇಲೆ ನಿಧಾನಕ್ಕೆ ತಿರುಗಿ ಬಂದು ಕಾರಿನೊಳಗೆ ಕೂತರು.

"ಇನ್ನೊಂದ್ಸಲ ಹಾಕು."

ಹಾಕಿದಳು. ಕಣ್ಣು ಮುಚ್ಚಿ ಕೇಳಿದರು.

"ಪಾಪಿದು ಸ್ವರ ಇನ್ನೂ ಹಾಗೇ ಉಂಟು ಮಾರಾಯ್ತಿ" ಎಂದರು. ಬೈಗುಳವೋ ಹೊಗಳಿಕೆಯೋ ಅವಳಿಗೆ ತಿಳಿಯಲಿಲ್ಲ. "ರೆಕಾರ್ಡ್ ಮಾಡು. ನಾನು ಈಗ ಹೇಳ್ತೇನೆ."

"ಮೊದಲು ಹೆಸರು ಅಪ್ಪ, ಆಮೇಲೆ ಮಾತು."

ಭಟ್ಟರು ಶಾಲು ಸರಿಮಾಡಿಕೊಂಡರು, ಬೆನ್ನು ನೆಟ್ಟಗೆ ಮಾಡಿದರು, ಹೆಸರು ಹೇಳಿದರು, ಶುರುಮಾಡಿದರು. ಅಬ್ಬ! ಬಿರುಕು ಬಿಟ್ಟ ಸ್ವರವೇ, ಆದರೆ ಅದರೊಳಗೆ ಅರಸ ಎದ್ದು ಕೂತಿದ್ದ. ಇಯರ್‌ಫೋನಿನಲ್ಲಿ ಮಂತ್ರಿ ಹೇಳುತ್ತಿದ್ದ, ಇಲ್ಲಿ ಅರಸ ಅವನನ್ನು ಹಿಡಿದು ನಿಲ್ಲಿಸಿ ಕೇಳುತ್ತಿದ್ದ. ಕಾರಿನೊಳಗೆ ಬೆವರು ಧಾರಾಕಾರ. ಚೈತನ್ಯಾ ಫೋನಿನಲ್ಲಿ ಏರಿ ಇಳಿಯುವ ಗೆರೆಯನ್ನೇ ನೋಡುತ್ತ, ನಾಯಿ ಬೊಗಳದಿರಲಿ, ಅಮ್ಮ ಬಾರದಿರಲಿ, ಅಪ್ಪನಿಗೆ ಕೆಮ್ಮು ಬಾರದಿರಲಿ ಎಂದು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತಳು. ಪುಸ್ತಕದ ಕೊನೆಯ ಮಾತೂ ಮುಗಿಯಿತು. ಭಟ್ಟರು ಪುಸ್ತಕ ಮಡಚಿದರು, ಆದರೆ ನಿಲ್ಲಲಿಲ್ಲ.

"ಮಂತ್ರೀ, ಅಂದು ನಾನು ಕೇಳಿದ್ದಕ್ಕೆ ಉತ್ತರ ಕೊಡದೆ ಎದ್ದು ಹೋದೆ. ಇಂದಾದರೂ ಹೇಳು. ಹೌದೋ ಅಲ್ಲವೋ?"

ಇದು ಪುಸ್ತಕದಲ್ಲಿಲ್ಲ. ಕತ್ತರಿಸಿದರಾಯಿತು ಎಂದುಕೊಂಡಳು.

ಕತ್ತರಿಸಲು ಪುರುಸೊತ್ತೆಲ್ಲಿ? ಬಟ್ಟೆ ಕಟ್ಟುವುದು, ರಿಪೋರ್ಟುಗಳ ಚೀಲ ಹುಡುಕುವುದು, ಬಂಟ್ವಾಳ ದಾಟುವಾಗ ಅಪ್ಪನಿಗೆ ವಾಂತಿ, ಆಸ್ಪತ್ರೆಯಲ್ಲಿ ಕೌಂಟರಿಂದ ಕೌಂಟರಿಗೆ ಓಡಾಟ. ಕಾರಿಡಾರಿನಲ್ಲಿ ನಿಂತು, ಫೋನೇ ಕಳೆದುಹೋದರೆ ಎಂಬ ಹೊಸ ಹೆದರಿಕೆ ಹುಟ್ಟಿ, ಇದ್ದ ಹಾಗೆಯೇ ಫೈಲನ್ನು ಬಳಗದ ಫೋಲ್ಡರಿಗೆ ಏರಿಸಿಬಿಟ್ಟಳು.

ಆಪರೇಷನ್ ಆಯಿತು. ಭಟ್ಟರು ಕಣ್ಣು ಬಿಟ್ಟರು. ಕುತ್ತಿಗೆಯಲ್ಲಿ ಒಂದು ತೂತು, ಅದಕ್ಕೊಂದು ನಳಿಗೆ. ಮಾತಾಡಲು ಬಾಯಿ ತೆರೆದವರು ಬರೇ ಗಾಳಿ ಬಂದದ್ದು ನೋಡಿ ಬಾಯಿ ಮುಚ್ಚಿದರು. ಚೈತನ್ಯಾ ಹೊರಗೆ ಹೋಗಿ ಅತ್ತು ಬಂದಳು.

ವಾರ್ಡಿಗೆ ತಂದ ದಿನ ವಹಾಬ್ ಮಾಸ್ಟ್ರ ಫೋನು ಬಂತು.

"ಟೀಚರ್, ಈ ಹೊತ್ತಿಗೆ ಹೇಳಬಾರದು. ತಂದೆಯವರು ಓದಿದ್ದು ಬಂಗಾರ. ಆದರೆ ಹೆಸರೇ ಇಲ್ಲ."

"ಉಂಟು ಮಾಸ್ಟ್ರೇ. ನನ್ನ ಎದುರೇ ಹೇಳಿದ್ದಾರೆ."

"ಮತ್ತೊಮ್ಮೆ ಕೇಳಿ."

ಕೇಳಿದಳು. "ಸಮುದ್ರ ಪರ್ಯಂತ ಈ ನೆಲವನ್ನು ಆಳುವ ವೀರಕೇತು ಭೂಪಾಲನೆಂದರೆ ನಾನು." ಅಯ್ಯೋ ಕರ್ಮವೇ! ತಾಳಮದ್ದಳೆಯಲ್ಲಿ ಯಾವನಾದರೂ ತನ್ನ ಸ್ವಂತ ಹೆಸರು ಹೇಳುತ್ತಾನೆಯೇ? ಅದನ್ನು ಹೇಳುವುದು ಸಭೆ ಸೇರಿಸಿದವರು. ಕೂತವನು ಬಾಯಿ ತೆರೆದರೆ ಪಾತ್ರವೇ ತಾನು. ಅಭ್ಯಾಸ ಬಲದಿಂದ ಅಪ್ಪ ಅರಸನ ಹೆಸರನ್ನೇ ಹೇಳಿದ್ದರು. ಅವರ ಮಗಳಾಗಿ ಹುಟ್ಟಿ ಅದೇ ಕೇಳಿ ಬೆಳೆದ ಇವಳ ಕಿವಿಗೂ ಅದು ಸರಿಯಾಗಿಯೇ ಕೇಳಿತ್ತು.

"ಮತ್ತೆ, ಕಡೆಗೆ ಪುಸ್ತಕದಲ್ಲಿ ಇಲ್ಲದ ಒಂದು ಪ್ರಶ್ನೆ ಉಂಟು" ಎಂದರು ಮಾಸ್ಟ್ರು. "ಫೋಲ್ಡರ್ ಎಲ್ಲರಿಗೂ ಕಾಣ್ತದಲ್ಲ ಟೀಚರ್. ಶೆಟ್ರೂ ಕೇಳಿದ್ದಾರೆ. ಯಾವ ಆಸ್ಪತ್ರೆ ಅಂತ ವಿಚಾರಿಸಿದ್ರು. ಹೇಳಿದೆ."

ಮಾತು ಕಳಕೊಂಡ ಮನುಷ್ಯನ ಹತ್ತಿರ ಜಗಳಕ್ಕೆ ಬರುತ್ತಾರೋ ಏನೋ. ಬಂದು ಏನಾದರೂ ಅಂದರೆ ಅಪ್ಪ ಯಾವುದರಲ್ಲಿ ಉತ್ತರ ಕೊಡುವುದು? ಹೆಸರಿನ ಸಂಗತಿಯನ್ನಷ್ಟೇ ಅಪ್ಪನಿಗೆ ಹೇಳಿದಳು. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ನಾನೇ ಹೇಳಿ ಸೇರಿಸುತ್ತೇನೆ ಎಂದು ಫೋನು ಬಾಯಿಯ ಹತ್ತಿರ ಹಿಡಿದಳು, ಅರ್ಧ ಹೆಸರು ಹೇಳಿ ಫೋನು ಆಫ್ ಮಾಡಿಬಿಟ್ಟಳು.

ಸಂಜೆ ಮಂದಿ ನೋಡಲು ಬರುವ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ಒಂದು ಬಿಳಿ ಪಂಚೆ ಕಂಡಿತು. ಶೆಟ್ಟರು ಮುದುಕರಾಗಿದ್ದರು. ಚೈತನ್ಯಾ ಅಡ್ಡ ಹೋಗಿ ನಿಂತಳು.

"ಬೇಡ ಶೆಟ್ರೇ. ಅಪ್ಪನಿಗೆ ಮಾತಾಡ್ಲಿಕ್ಕೆ ಆಗುದಿಲ್ಲ."

"ಗೊತ್ತುಂಟು ಮಗಾ. ನನಗೆ ಆಗ್ತದಲ್ಲ."

ಅವಳನ್ನು ದಾಟಿ ಬಂದರು. ಭಟ್ಟರು ನೋಡಿದರು, ಮುಖ ತಿರುಗಿಸಲಿಲ್ಲ. ಶೆಟ್ಟರು ಮೂಲೆಯ ಸ್ಟೂಲನ್ನು ಎಳೆದು ಮಂಚದ ಪಕ್ಕಕ್ಕಲ್ಲ, ನೇರ ಎದುರಿಗೆ ಇಟ್ಟು ಕೂತರು. "ಫೋನ್ ಹಿಡಿ" ಎಂದರು ಚೈತನ್ಯಾಳಿಗೆ. ಅವಳು ರೆಕಾರ್ಡ್ ಒತ್ತಿದಳು.

"ಅರಸನ ಪಾತ್ರ ಓದಿದವರು ಕಕ್ಕಿಂಜೆಯ ತಿರುಮಲೇಶ್ವರ ಭಟ್ಟರು" ಎಂದರು ಶೆಟ್ಟರು, ಸಭೆಗೆ ಹೇಳುವ ಗಟ್ಟಿ ದನಿಯಲ್ಲಿ. "ಅವರ ಹೆಸರು ಹೇಳುತ್ತಿರುವವನು ಅವರ ಎದುರು ಕೂತ ಮಂತ್ರಿ, ಸಿದ್ಧಕಟ್ಟೆಯ ಕಮಲಾಕ್ಷ."

ಆಚೆ ಮಂಚದವರೆಲ್ಲ ತಿರುಗಿ ನೋಡಿದರು. ಟ್ರಾಲಿಯ ಚಕ್ರದ ಸದ್ದೂ ರೆಕಾರ್ಡಿನಲ್ಲಿ ಸೇರಿಕೊಂಡಿತು. ಸದ್ದೆಂದರೆ ಸಿಡಿಮಿಡಿಗೊಳ್ಳುವ ವಹಾಬ್ ಮಾಸ್ಟ್ರು ಆಮೇಲೆ ಅದೊಂದನ್ನು ಹಾಗೆಯೇ ಪಾಸು ಮಾಡಿದರು.

ಫೋನು ಆಫ್ ಮಾಡಲು ಶೆಟ್ಟರು ಕೈ ಸನ್ನೆ ಮಾಡಿದರು. ಮುಂದಿನದು ತಗ್ಗಿದ ದನಿಯಲ್ಲಿ ಬಂತು.

"ಹೌದು ಭಟ್ರೇ. ಹೇಳಿದ್ದು ನಾನೇ. ಅಲ್ಲ ಅಂತ ಸುಳ್ಳು ಹೇಳ್ಲಿಕ್ಕೆ ನಿಮ್ಮ ಎದುರು ನಾಲಗೆ ಬರ್ಲಿಲ್ಲ. ಅದಕ್ಕೆ ಎದ್ದು ಹೋದದ್ದು."

ಭಟ್ಟರ ತುಟಿ ಅಲ್ಲಾಡಿತು. ಗಾಳಿ ಮಾತ್ರ ಬಂತು. ಡ್ರಿಪ್ಪಿನ ಸೂಜಿ ಇಲ್ಲದ ಕೈಯನ್ನು ನಿಧಾನಕ್ಕೆ ಚಾಚಿ ಶೆಟ್ಟರ ಮಣಿಕಟ್ಟು ಹಿಡಿದರು.

ನರ್ಸ್ ಬಂದು, "ಟೈಮಾಯ್ತು, ನೋಡ್ಲಿಕ್ಕೆ ಬಂದವರೆಲ್ಲ ಏಳಿ" ಎಂದಳು.

ಶೆಟ್ಟರು ಏಳಲಿಲ್ಲ.