ಗಂಗವ್ವನ ಸೇರು

ಎಮ್ಮಿಹಾಳದ ಕೆರೆಗೆ ಬಾತುಗಳನ್ನು ಯಾರೂ ಕರೆದಿರಲಿಲ್ಲ. ಕೃಷ್ಣೆಯ ನೀರು ಕೆನಾಲಿನಲ್ಲಿ ಸುರಪುರದ ಕಡೆ ಹರಿದು ಬಂದ ಮೇಲೆ, ಗದ್ದೆಗಳಿಂದ ಬಸಿದ ನೀರೆಲ್ಲ ತಗ್ಗು ಹುಡುಕಿಕೊಂಡು ಈ ಕೆರೆಗೆ ಇಳಿಯಿತು. ಮೊದಲು ಸಂಕ್ರಾಂತಿಗೆಲ್ಲ ಒಣಗಿ ದನ ಮೇಯುತ್ತಿದ್ದ ಕೆರೆ, ಬೇಸಿಗೆಯಲ್ಲೂ ತುಂಬಿ ನಿಲ್ಲತೊಡಗಿತು. ನೀರು ಬಂದಲ್ಲಿಗೆ ಮೀನು ಬಂತು, ಮೀನು ಬಂದಲ್ಲಿಗೆ ಅಂಬಿಗರ ಬಲೆ ಬಂತು. ಅದರ ಹಿಂದೆಯೇ ಹಿಮಾಲಯದ ಆಚೆಯಿಂದ ಬಾತುಗಳೂ ಬಂದವು. ಊರವರು ಮೊದಲ ವರ್ಷ ಬಾಯಿ ತೆರೆದು ನೋಡಿದರು, ಎರಡನೇ ವರ್ಷ ಹಿಡಿದು ಸಾರು ಮಾಡಿ ನೋಡಿದರು, ಮೂರನೇ ವರ್ಷಕ್ಕೆ ನೋಡುವುದನ್ನೇ ಬಿಟ್ಟರು. ನಮ್ಮ ಜನಕ್ಕೆ ದಿನಾ ಕಾಣುವುದು ಕಣ್ಣಿಗೆ ಬೀಳುವುದಿಲ್ಲ.

ನೋಡುವುದನ್ನು ಬಿಡದವಳು ಮಲ್ಲಿಕಮ್ಮ ಒಬ್ಬಳೇ. ಅಂಬಿಗರ ಓಣಿಯ ಹಿರಿಯ ಬಸವಂತ್ರಾಯನ ಸೊಸೆ, ಊರ ಅಂಗನವಾಡಿಯ ಟೀಚರು. ಶಹಾಪುರದಲ್ಲಿ ಪಿಯುಸಿ ಓದಿದ್ದಳು, ಬಾಯಿ ಜೋರು, ಹಿಡಿದ ಹಟ ಬಿಡುವವಳಲ್ಲ. ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ಮಾವ ಬಲೆ ಎಳೆದು ದಂಡೆಗೆ ಕೊಡವಿದಾಗ ಮೀನಿನ ಜೊತೆ ಕೆಂಪು ತಲೆಯ ಬಾತುಗಳೂ ಉದುರಿದ್ದವು. ಅವು ಮುಳುಗಿ ಮೇಯುವ ಬಾತುಗಳು. ನೀರೊಳಗೆ ನಿಲ್ಲಿಸಿದ ಬಲೆ ಅವಕ್ಕೆ ಕಾಣುವುದಿಲ್ಲ, ಸಿಕ್ಕಿಕೊಂಡು ಉಸಿರುಕಟ್ಟಿ ಸಾಯುತ್ತವೆ. ಮಲ್ಲಿಕಮ್ಮ ಒಂದನ್ನು ಕೈಗೆತ್ತಿಕೊಂಡಳು. ಎದೆ ಇನ್ನೂ ಬೆಚ್ಚಗಿತ್ತು.

ಅಲ್ಲಿಂದ ಶುರುವಾಯಿತು ಮಾವ ಸೊಸೆಯರ ಜಟಾಪಟಿ.

"ಮಾವ, ಪಡುವಣ ಮೂಲ್ಯಾಗಿನ ಮಡುವಿಗಿ ಚಳಿಗಾಲದಾಗ ಬಲಿ ಹಾಕಬ್ಯಾಡ್ರಿ. ಬಾತು ಅಲ್ಲೇ ಮುಳಗ್ತಾವು."

"ಮೀನೂ ಅಲ್ಲೇ ಇರ್ತಾವಲ್ಲವ್ವ. ಬ್ಯಾರೆ ಕೆರಿ ನೋಡ್ಕೋರಿ ಅಂತ ನಿನ್ನ ಬಾತಿಗೇ ಹೇಳು."

ಮಲ್ಲಿಕಮ್ಮ ಬಾತಿಗೆ ಹೇಳಲಿಲ್ಲ, ಮಾವನಿಗೇ ಹೇಳುತ್ತ ಹೋದಳು. ರೊಟ್ಟಿ ಬಡಿಯುವಾಗ ಹೇಳಿದಳು, ನೀರು ತರುವಾಗ ಹೇಳಿದಳು, ಹಬ್ಬದ ದಿನ ಹೋಳಿಗೆ ಬಡಿಸಿಯೂ ಹೇಳಿದಳು. ವರ್ಷಕ್ಕೊಮ್ಮೆ ದುರ್ಬೀನು ಹಿಡಿದು ಬಾತು ಎಣಿಸಲು ಬರುತ್ತಿದ್ದ ಅರಣ್ಯ ಇಲಾಖೆಯ ಗಾರ್ಡ್ ಈಶಪ್ಪನನ್ನೂ ತನ್ನ ಕಡೆ ಮಾಡಿಕೊಂಡಳು. ಕಡೆಗೆ ಒಂದು ದಸರೆಯಲ್ಲಿ ಬಸವಂತ್ರಾಯ ಬೇಸತ್ತು, ಓಣಿಯ ಕಟ್ಟೆಯ ಮೇಲೆ ಎಲ್ಲರೆದುರು ಮಾತು ಕೊಟ್ಟ.

"ಆತು, ಒಂದು ಚಳಿಗಾಲ ಬಿಡ್ತೇವಿ. ಹ್ವಾದ ವರ್ಷಕ್ಕಿಂತ ಬಾತು ಹೆಚ್ಚಿಗಿ ಬಂದುವಂದ್ರ, ವರ್ಷಾ ವರ್ಷಾ ದೀಪಾವಳಿಯಿಂದ ಹೋಳಿತನ ಮಡುವಿಗಿ ಬಲಿ ಇಳಿಸಂಗಿಲ್ಲ. ಕಡಿಮಿ ಆದ್ವೋ, ಮರುದಿನಾನ ನನ್ನ ಬಲಿ ನೀರಾಗ. ಆಮ್ಯಾಗ ಈ ಮಾತು ನಿನ್ನ ಬಾಯಾಗ ಸಾಯೂತನ ಬರಬಾರದು. ಒಪ್ಪಿಗಿ ಐತೇನು?"

"ಐತ್ರಿ ಮಾವ," ಎಂದಳು ಮಲ್ಲಿಕಮ್ಮ.

"ಇನ್ನೊಂದು. ಎಣಿಸೋರು ನಾವು. ಗಾರ್ಡ್ ಸಾಹೇಬ್ರು ಸಾಕ್ಷಿಗಿ ಇರಲಿ. ಸೊಸಿ ಎಣಿಸಿ ಸೊಸಿ ಗೆದ್ದಳು ಅಂತ ನಾಳೆ ಯಾರೂ ಅನ್ನಬಾರದು."

ಅದಕ್ಕೂ ಅವಳು ಹೂಂ ಎಂದಳು. ಆ ಚಳಿಗಾಲ ಅಂಬಿಗರು ಕೆನಾಲಿನಲ್ಲಿ ಗಾಳ ಹಾಕಿದರು, ಹತ್ತಿ ಬಿಡಿಸಲು ದೋರನಹಳ್ಳಿಯ ಕಡೆ ಹೋದರು, ಹೋಗುವಾಗ ಬರುವಾಗ ಮಲ್ಲಿಕಮ್ಮನ ಹೆಸರು ಹಿಡಿದು ಗೊಣಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳಿಗಿದ್ದ ಚಿಂತೆಯೇ ಬೇರೆ. ಹಿಂಡುಗಟ್ಟಲೆ ತೇಲುವ ಬಾತುಗಳನ್ನು ಈ ಜನ ಎಣಿಸುವುದು ಹೇಗೆ? ಒಂದು, ಎರಡು ಎಂದು ಬೆರಳು ಮಡಚುವಷ್ಟರಲ್ಲಿ ಹತ್ತು ಮುಳುಗಿ ಹತ್ತು ಮೇಲೆ ಬಂದಿರುತ್ತವೆ.

ಉಪಾಯ ಅವಳಿಗೆ ಅಡಿಗೆಮನೆಯಲ್ಲೇ ಸಿಕ್ಕಿತು. ಎಣಿಸುವವರನ್ನೆಲ್ಲ ಅಂಗನವಾಡಿಗೆ ಕರೆಸಿ, ಕರಿ ಕಂಬಳಿ ಹಾಸಿ, ಮೇಲೆ ಜೋಳ ಚೆಲ್ಲಿದಳು. ಹತ್ತು ಕಾಳಿನ ಜಾಗ ಕಣ್ಣಳತೆಯಲ್ಲಿ ಎಷ್ಟು, ನೂರು ಕಾಳಿನದು ಎಷ್ಟು ಎಂದು ಮತ್ತೆ ಮತ್ತೆ ತೋರಿಸಿದಳು.

"ನೂರು ಬಾತಿಗಿ ಒಂದು ಸೇರು ಅಂತ ಹಿಡೀರಿ. ಒಂದೊಂದು ಹಿಂಡು ಒಂದೊಂದು ರಾಶಿ. ಕಣದಾಗ ರಾಶಿ ಹೆಂಗ ಅಳೀತೀರಿ, ಥೇಟ್ ಹಂಗ ಅಳೀರಿ."

ಅಂಬಿಗರಾದರೂ ಎಲ್ಲರಿಗೂ ಎಕರೆ ಎರಡೆಕರೆ ಹೊಲವಿತ್ತು. ಸೇರು, ರಾಶಿ ಎಂದ ಕೂಡಲೇ ಮುಖಗಳು ಅರಳಿದವು. ಪಾಠ ಸಲೀಸಾಗಿ ತಲೆಗೆ ಹೋಯಿತು. ಬೇಕಾದ್ದಕ್ಕಿಂತ ಒಂದು ತೂಕ ಹೆಚ್ಚೇ ಹೋಯಿತು ಎಂಬುದು ಟೀಚರಿಗೆ ಆಗ ಗೊತ್ತಾಗಲಿಲ್ಲ.

ಎಳ್ಳಮಾಸಿ ಹಬ್ಬ ಮುಗಿದ ವಾರ ಎಣಿಕೆಯ ದಿನ ಗೊತ್ತಾಯಿತು. ಬೆಳಗಿನ ಮಂಜು ಹರಿಯುತ್ತಲೇ ನಾಲ್ವರು ನಾಲ್ಕು ದಿಕ್ಕಿಗೆ ಹೋದರು. ಮೂಡಲಿಗೆ ಓಣಿಯ ತಾಯಪ್ಪ, ತೂಬಿನ ಕಡೆಗೆ ಮಲ್ಲಿಕಮ್ಮನ ಅತ್ತೆ ಕರೆಮ್ಮ, ಬಡಗಲಿಗೆ ಅದೇ ಓಣಿಯ ಶಾಂತಪ್ಪ. ಪಡುವಣ ಮೂಲೆಗೆ, ಆ ಮಡುವಿಗೆ, ತಾನೇ ಹೋಗುತ್ತೇನೆಂದು ಬಸವಂತ್ರಾಯ ಹರಿಗೋಲು ಹತ್ತಿದ. ಆ ಮೂಲೆ ದೊಡ್ಡ ಗುಂಡುಗಲ್ಲುಗಳ ಮರೆಯಲ್ಲಿದೆ. ಏರಿಯ ಮೇಲೆ ನಿಂತವರಿಗೆ ಕಾಣುವುದಿಲ್ಲ. ಹೊರಡುವ ಮುಂಚೆ ಅವನು ತನ್ನ ಬಲೆಯನ್ನು ಮನೆಯಿಂದ ತಂದು ಏರಿಯ ಮೇಲೆ ಒಣಹಾಕಿದ್ದ. ನಾಳೆಯೇ ಇಳಿಸುವ ತಯಾರಿ ಅದು. ಮಲ್ಲಿಕಮ್ಮ ಅದರ ಪಕ್ಕದಲ್ಲೇ ಈಶಪ್ಪನ ಜೊತೆ ಕಾಯುತ್ತ ಕುಳಿತಳು.

ಬಿಸಿಲೇರುವ ಹೊತ್ತಿಗೆ ಎಲ್ಲರೂ ಏರಿಗೆ ಮರಳಿದರು. ತಾಯಪ್ಪ ಆರು ಸೇರು ಎಂದ. ಕರೆಮ್ಮ ಐದು ಎಂದಳು. ಶಾಂತಪ್ಪ ನಾಲ್ಕು ಎಂದ. ಎಲ್ಲರೂ ಬಸವಂತ್ರಾಯನತ್ತ ತಿರುಗಿದರು.

"ಎರಡು ಸೇರು," ಎಂದ ಬಸವಂತ್ರಾಯ.

ಒಟ್ಟು ಹದಿನೇಳು. ಹೋದ ವರ್ಷ ಈಶಪ್ಪ ಎಣಿಸಿದ್ದು ಎರಡು ಸಾವಿರದ ನೂರು, ಅಂದರೆ ಇಪ್ಪತ್ತೊಂದು ಸೇರು. ಈಶಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ.

ಎರಡು ಸೇರು? ಮಡುವಿನಲ್ಲಿ? ಅಂಗನವಾಡಿ ಮುಗಿಸಿ ಅವಳು ಎಷ್ಟೋ ಸಂಜೆ ಆ ಗುಂಡುಗಲ್ಲು ಹತ್ತಿ ನೋಡಿ ಬಂದಿದ್ದಳು. ಅಲ್ಲಿ ಹಿಂಡಿನ ಪಕ್ಕ ಹಿಂಡು ತೇಲುತ್ತಿತ್ತು. ಬಲೆಯ ಆಸೆಗೆ ಮಾವ ಸುಳ್ಳು ಹೇಳಿಬಿಟ್ಟ, ಅದೂ ಯಾರ ಕಣ್ಣಿಗೂ ಬೀಳದ ಮೂಲೆಯನ್ನು ಬೇಕಂತಲೇ ಆರಿಸಿಕೊಂಡು. ಹೇಳಿಯೇಬಿಡಬೇಕೆಂದು ಬಾಯಿ ತೆರೆದಳು. ಓಣಿಯ ಹಿರಿಯನನ್ನು ಎಲ್ಲರೆದುರು ಸುಳ್ಳ ಎಂದರೆ, ಬಾತು ಹಾಗಿರಲಿ, ಮನೆಯೇ ಮುರಿಯುತ್ತದೆ. ತುಟಿ ಕಚ್ಚಿಕೊಂಡಳು, ಕಣ್ಣೀರು ಮಾತ್ರ ಅವಳ ಮಾತು ಕೇಳಲಿಲ್ಲ.

"ಅಳೂದ್ಯಾಕವ್ವ?" ಎಂದ ಬಸವಂತ್ರಾಯ, ಬೇರೆ ಕಡೆ ನೋಡುತ್ತ. "ಮಾತಂದ್ರ ಮಾತು. ಮೊದಲು ಉಣ್ಣೂಣು ಬರ್ರಿ."

ಕರೆಮ್ಮ ಬುತ್ತಿ ಬಿಚ್ಚಿದಳು. ಕಟಿ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ. ಯಾರಿಗೂ ಬಡಿಸುವ ಮೊದಲು ಮೇಲಿನ ರೊಟ್ಟಿ ಎತ್ತಿ, ಅದರ ಮೇಲೆ ಒಂದಿಷ್ಟು ಪಲ್ಯ ಇಟ್ಟು, ನೀರಿನಂಚಿಗೆ ಹೋಗಿ ಕೆರೆಗೆ ಬಿಟ್ಟು ಕೈಮುಗಿದಳು. ಗಂಗವ್ವನ ಪಾಲು. ಆ ಓಣಿಯಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ಪದ್ಧತಿ ಅದು, ಮೊದಲನೆಯದು ದೇವರಿಗೆ. ಮಲ್ಲಿಕಮ್ಮ ಮೂಗು ಒರೆಸಿಕೊಳ್ಳುತ್ತ ತೇಲಿಹೋಗುವ ರೊಟ್ಟಿಯನ್ನು ನೋಡುತ್ತಿದ್ದವಳು ಥಟ್ಟನೆ ಎದ್ದು ನಿಂತಳು.

"ಅತ್ತಿ, ಬಾತು ಅಳೆಯುವಾಗ ಮೊದಲನೇ ಸೇರು ಏನು ಮಾಡಿದ್ರಿ?"

"ಏನು ಮಾಡ್ತಾರ? ಗಂಗವ್ವಗ ಬಿಟ್ಟೆ."

"ಲೆಕ್ಕಕ್ಕ ಹಿಡೀಲಿಲ್ಲ?"

"ದೇವರ ಸೇರು ಯಾರರೇ ಲೆಕ್ಕಕ್ಕ ಹಿಡೀತಾರೇನು ಹುಚ್ಚಿ? ಕಣದಾಗ ಅಳದಂಗ ಅಳೀರಿ ಅಂದಾಕಿ ನೀನಾ. ಒಂದೊಂದು ರಾಶಿಗೂ ಮೊದಲನೇ ಸೇರು ಬಿಟ್ಟು ಅಳದೀನಿ."

ಮಲ್ಲಿಕಮ್ಮ ತಾಯಪ್ಪನನ್ನು ನೋಡಿದಳು. ತಾನೂ ಹಾಗೆಯೇ ಬಿಟ್ಟೆ, ಎರಡು ಹಿಂಡಿದ್ದವು, ಎಂದ. ಶಾಂತಪ್ಪನೂ ಎರಡು ಎಂದ. ಕರೆಮ್ಮನದೂ ಎರಡೇ. ಈಶಪ್ಪ ಬುತ್ತಿಗೆ ಚಾಚಿದ್ದ ಕೈ ಹಿಂತೆಗೆದು ಬೆರಳು ಮಡಚಿದ. ಹದಿನೇಳಕ್ಕೆ ಆರು ಸೇರಿದರೆ ಇಪ್ಪತ್ಮೂರು. ಇಷ್ಟಕ್ಕೇ ಹೋದ ವರ್ಷದ ಲೆಕ್ಕ ದಾಟಿತ್ತು, ಆದರೆ ಕಣ್ಣಳತೆಯ ಎಣಿಕೆಯಲ್ಲಿ ನಾಲ್ಕೈದು ಸೇರು ಆಚೀಚೆ ಆಗುವುದೇನೂ ದೊಡ್ಡದಲ್ಲ. ಜಗಳ ಮಾಡುವವನಿಗೆ ಇನ್ನೂ ಜಾಗವಿತ್ತು. ಎಲ್ಲ ನಿಂತಿದ್ದು ಮಡುವಿನ ಮೇಲೆ.

"ಮಾವ," ಮಲ್ಲಿಕಮ್ಮ ಅವನ ಕಡೆ ತಿರುಗಿದಳು, "ನಿಮ್ಮ ಮೂಲ್ಯಾಗ ಎಷ್ಟು ರಾಶಿ ಇದ್ವು?"

ಬಸವಂತ್ರಾಯ ಬುತ್ತಿಯಿಂದ ಒಂದು ರೊಟ್ಟಿ ತೆಗೆದು ಮುರಿದ. ಹಿಂಡಿ ಹಚ್ಚಿದ. ನಿಧಾನಕ್ಕೆ ಅಗಿದ. ಪಕ್ಕದಲ್ಲೇ ಅವನ ಬಲೆ ಬಿಸಿಲಿಗೆ ಗರಿಗರಿಯಾಗಿ ಒಣಗಿತ್ತು. ಒಂದೋ ಎರಡೋ ಎಂದಿದ್ದರೆ ಸಾಕು, ಕೇಳುವವರು ಯಾರೂ ಇರಲಿಲ್ಲ. ಅವನು ತುತ್ತು ನುಂಗಿ ನೀರು ಕುಡಿದ.

"ಎಂಟು," ಎಂದ. "ಆರು ಸಣ್ಣವು, ಒಂದೊಂದ ಸೇರಿನವು. ಗಂಗವ್ವಗ ಬಿಟ್ಟರ ಉಳಿಯೂದೇನು? ದೊಡ್ಡ ಎರಡರಾಗ ಒಂದೊಂದು ಉಳೀತು. ಅದಕ್ಕ ಎರಡು ಅಂದೆ."

ಈಶಪ್ಪ ನಗಲು ಶುರುಮಾಡಿದ, ತಾಯಪ್ಪ ತೊಡೆ ತಟ್ಟಿದ, ಕರೆಮ್ಮ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಊರಿಗೆ ಊರೇ ಸೇರಿ ಕೆರೆಯ ಅರ್ಧದಷ್ಟು ಬಾತುಗಳನ್ನು ದೇವರಿಗೆ ಒಪ್ಪಿಸಿ ಬಂದಿತ್ತು!

"ನಗೂದು ಆಮ್ಯಾಗ," ಎಂದ ಈಶಪ್ಪ, ಕಣ್ಣೊರೆಸಿಕೊಳ್ಳುತ್ತ. "ಬಾಯಿಲೆಕ್ಕ ನಡೆಯಂಗಿಲ್ಲ. ಇನ್ನೊಮ್ಮೆ ಅಳೀರಿ. ಈ ಸಲ ಗಂಗವ್ವನ ಸೇರೂ ಕೂಗಿ ಹೇಳ್ರಿ, ಆಕಿ ಬ್ಯಾಡ ಅನ್ನಂಗಿಲ್ಲ."

"ಮಡುವು ನಂದು," ಎಂದು ಬಸವಂತ್ರಾಯ ಎದ್ದ. "ನೀವೂ ಬರ್ರಿ ಸಾಹೇಬ್ರ. ಮಲ್ಲಿಕಮ್ಮ, ನೀನೂ ಬಾ. ಎಣಿಸಬ್ಯಾಡ, ನೋಡು."

ಮಧ್ಯಾಹ್ನದ ಬಿಸಿಲಲ್ಲಿ ಹರಿಗೋಲು ಗುಂಡುಗಲ್ಲುಗಳನ್ನು ದಾಟಿ ಮೆಲ್ಲಗೆ ಮಡುವಿಗೆ ಬಂತು. ಕೆಂಪು ತಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಕೆಲವು ಕೊಕ್ಕನ್ನು ಬೆನ್ನಿಗೆ ಸಿಕ್ಕಿಸಿ ಮಲಗಿದ್ದವು, ಕೆಲವು ಬುಳುಕ್ಕನೆ ಮುಳುಗಿ ದೂರದಲ್ಲಿ ಏಳುತ್ತಿದ್ದವು. ಮುಳುಗಿದ್ದು ಪ್ರತಿ ಸಲವೂ ಎದ್ದಿತು. ಅದನ್ನು ನೋಡುತ್ತ ಮಲ್ಲಿಕಮ್ಮನಿಗೆ ಮತ್ತೆ ಅಳು ಬಂತು, ಈ ಸಲ ತಡೆಯಲಿಲ್ಲ. ಬಸವಂತ್ರಾಯ ಕೈ ಚಾಚಿ, ಕಣದಲ್ಲಿ ನಿಂತವನಂತೆ, ಒಂದೊಂದು ಸೇರನ್ನೂ ಗಟ್ಟಿಯಾಗಿ ಹೇಳುತ್ತ ಹೋದ. ಎಲ್ಲೂ ಲೆಕ್ಕ ಕದಿಯಲಿಲ್ಲ. ಅವನು ಹೇಳಿದ್ದಕ್ಕೆಲ್ಲ ಈಶಪ್ಪ ದುರ್ಬೀನಿನಿಂದ ಕಣ್ಣು ತೆಗೆಯದೆ ಹೌದು ಹೌದು ಎಂದ. ಮಡುವೊಂದರಲ್ಲೇ ಹತ್ತು ಸೇರು.

ಏರಿಯ ಮೇಲೆ ಎಲ್ಲರ ಲೆಕ್ಕ ಕೂಡಿದಾಗ ಮೂವತ್ತೊಂದು ಬಂತು. ಮೂರು ಸಾವಿರದ ನೂರು ಬಾತು! ಈಶಪ್ಪ ತನ್ನ ಟೋಪಿಯನ್ನು ಆಕಾಶಕ್ಕೆ ಎಸೆದ, ಅದು ಕೆರೆಗೆ ಬಿತ್ತು, ಯಾರೂ ಅದರ ಗೊಡವೆಗೆ ಹೋಗಲಿಲ್ಲ. ಕರೆಮ್ಮ ಸೊಸೆಯ ಕೆನ್ನೆ ಸವರಿ ತನ್ನ ಹಣೆಗೆ ಲಟಲಟ ಬೆರಳು ಮುರಿದು ದೃಷ್ಟಿ ತೆಗೆದಳು. ಚಳಿಗಾಲವೆಲ್ಲ ಗೊಣಗಿದ ತಾಯಪ್ಪನೇ ಊರ ಕಡೆ ತಿರುಗಿ, ಗೆದ್ದೇವಿ, ಗೆದ್ದೇವಿ ಎಂದು ಕೂಗಿದ. ಯಾರು ಯಾರ ಮೇಲೆ ಗೆದ್ದರು ಎಂದು ಅವನಿಗೂ ಗೊತ್ತಿರಲಿಲ್ಲ.

ಬಸವಂತ್ರಾಯ ಯಾರ ಜೊತೆಯೂ ಮಾತಾಡದೆ ತನ್ನ ಬಲೆ ಮಡಚತೊಡಗಿದ. ಮಲ್ಲಿಕಮ್ಮ ಹೋಗಿ ಇನ್ನೊಂದು ತುದಿ ಹಿಡಿದಳು. ಹೇಳದಿದ್ದರೆ ಅವಳಿಗೆ ಸಮಾಧಾನವಿರಲಿಲ್ಲ.

"ಮಾವ, ತಪ್ಪಾತ್ರಿ. ನೀವು ಸುಳ್ಳು ಹೇಳೀರಿ ಅಂದ್ಕೊಂಡಿದ್ದೆ."

"ತಪ್ಪೇನೂ ಇಲ್ಲ ಬಿಡು," ಎಂದ ಬಸವಂತ್ರಾಯ. "ಸುಳ್ಳು ಹೇಳಬೇಕಂತಾನ ಆ ಮೂಲಿಗಿ ಹೋಗಿದ್ದೆ."

ಮಲ್ಲಿಕಮ್ಮ ತಲೆಯೆತ್ತಿ ನೋಡಿದಳು, ಅವನು ಬಲೆ ಮಡಚುತ್ತಲೇ ಇದ್ದ.

"ಆದರ ಮೊದಲನೇ ಸೇರು ಗಂಗವ್ವಂದು ಅಂತ ಅಂದಮ್ಯಾಗ, ಎರಡನೇ ಸೇರಿಗಿ ಸುಳ್ಳು ಬಾಯಾಗ ಬರಲೊಲ್ಲದು. ಏನು ಮಾಡ್ಲಿ?"

ಮಡಚಿದ ಬಲೆಯನ್ನು ತಲೆಯ ಮೇಲೆ ಹೊತ್ತು ಅವನು ಊರ ದಾರಿ ಹಿಡಿದ. ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತ.

"ನಿಂತು ನೋಡ್ತೀಯೇನು? ಮುಂದ ನಡೀ, ಅಟ್ಟಕ್ಕ ನಿಚ್ಚಣಿಕಿ ಹಚ್ಚು. ಹೋಳಿತನ ಇದು ಕೆಳಗ ಇಳಿಯಂಗಿಲ್ಲ."