ಆಟದ ಕೋಣೆಗೆ ಬಂದ ಹೊಳೆ

ಮೂವತ್ತೊಂದು ವರ್ಷದಿಂದ ಈ ಶಾಲೆಯ ನೆಲ ಒರೆಸುತ್ತಿದ್ದೇನೆ. ಅಂದು ಆಟದ ಕೋಣೆಯನ್ನು ಎರಡು ಸಲ ಒರೆಸಿದೆ. ಮುಖ ನೋಡಿಕೊಳ್ಳಬಹುದು, ಅಷ್ಟು ಫಳಫಳ. ಹೆಡ್ ಮೇಡಂ ಬರುವವರಿದ್ದರು. ಗೇಮ್ಸ್ ಮೇಡಂ ತಂದ ಟ್ಯಾಬ್ಲೆಟ್ ಆಟ ಇರಬೇಕೋ ವಾಪಸ್ ಹೋಗಬೇಕೋ ಎಂದು ಅಂದೇ ತೀರ್ಮಾನ.

ಸ್ಟ್ಯಾಂಡಿನ ಮೇಲಿನ ಟ್ಯಾಬ್ಲೆಟ್ ಕೋಣೆಯನ್ನು ನೋಡುತ್ತದೆ. ಗೋಡೆಯ ದೊಡ್ಡ ಟಿವಿಯಲ್ಲಿ ಅದೇ ಕೋಣೆ, ಅವೇ ಮಕ್ಕಳು, ಆದರೆ ನೆಲದ ಮೇಲೆ ಹೊಳೆ, ಅದರ ನಡುನಡುವೆ ಕಲ್ಲು. ಟಿವಿ ನೋಡಿಕೊಂಡು ಕಲ್ಲಿನಿಂದ ಕಲ್ಲಿಗೆ ಜಿಗಿಯಬೇಕು.

ನನ್ನ ಮೊಮ್ಮಗಳು ಗುಬ್ಬಿ ಮೂರನೇ ಕ್ಲಾಸು. ಓಟದಲ್ಲಿ ಕೊನೆ, ಚೆಂಡು ಹಿಡಿಯಲು ಬಾರದು. ಎರಡು ವರ್ಷ ಬೆಂಚು ಬಿಟ್ಟೇಳಲಿಲ್ಲ. ಹೊಳೆ ಬಂದ ಮೇಲೆ ಎದ್ದಳು. ಎಲ್ಲರೂ ತಂತಮ್ಮ ಕಲ್ಲು ಹುಡುಕುವುದರಲ್ಲಿರುತ್ತಾರೆ, ಅವಳನ್ನು ನೋಡಿ ನಗಲು ಯಾರಿಗೂ ಪುರುಸೊತ್ತಿಲ್ಲ. ಆಟ ಹೋದರೆ ಮತ್ತೆ ಬೆಂಚೇ ಗತಿ.

ಹೆಡ್ ಮೇಡಂ ಬಂದರು. ಟಿವಿಯಲ್ಲಿ ಬರೀ ಕೋಣೆ.

“ಏನಮ್ಮಾ, ನಿಮ್ಮ ಹೊಳೆ ಬತ್ತಿಹೋಯ್ತಾ?”

“ಇದಕ್ಕೆ ನೆಲ ಸಿಕ್ತಿಲ್ಲ ಮೇಡಂ. ನಿನ್ನೆ ಸಿಕ್ಕಿತ್ತು...” ಗೇಮ್ಸ್ ಮೇಡಂ ಬೆವರಿದರು.

“ಇಷ್ಟಗಲ ನೆಲ ಬಿದ್ದಿದೆ, ಸಿಕ್ತಿಲ್ವಂತೆ!”

ಗೇಮ್ಸ್ ಮೇಡಂ ಟ್ಯಾಬ್ಲೆಟ್ ಆರಿಸಿದರು, ಹಚ್ಚಿದರು. ಊಹುಂ. ಗುಬ್ಬಿ ಮೆಲ್ಲಗೆ ಬೆಂಚಿನ ಕಡೆ ನಡೆದಳು.

ನಿನ್ನೆಗೂ ಇಂದಿಗೂ ಬದಲಾಗಿದ್ದು ಏನು? ನಾನು ಒರೆಸಿದ್ದು. ನಿನ್ನೆ ನೆಲದ ತುಂಬ ಶೂ ಗುರುತಿತ್ತು. ಇಷ್ಟು ನುಣ್ಣಗಿದ್ದರೆ ನನ್ನ ಮುದಿ ಕಣ್ಣಿಗೇ ಮೆಟ್ಟಿಲು ಎಲ್ಲಿ ಮುಗಿಯಿತೆಂದು ತಿಳಿಯದು. ಆ ಯಂತ್ರದ ಕಣ್ಣಿಗೂ ಹಾಗೇ ಇರಬೇಕು.

“ಏ ಮಕ್ಕಳಾ! ಹೊರಗೋಗಿ ಚೆನ್ನಾಗಿ ಮಣ್ಣು ತುಳ್ಕೊಂಡು ಬನ್ನಿ!”

ಯಾರೂ ಅಲುಗಲಿಲ್ಲ. ಕಾಲೊರೆಸದೆ ಬಂದರೆ ಪೊರಕೆ ತೋರಿಸುವವಳು ನಾನೇ ಅಲ್ಲವೇ!

“ಅಜ್ಜಿಗೆ ತಲೆ ಕೆಟ್ಟಿದೆ,” ಎಂದಳು ಗುಬ್ಬಿ.

“ಕೆಟ್ರೆ ಕೆಡ್ಲಿ. ನೀನೇ ಮೊದ್ಲು ಹೋಗೇ!”

ಹೆಡ್ ಮೇಡಂ ಹುಬ್ಬು ಗಂಟಿಕ್ಕಿದರು. “ಐದು ನಿಮಿಷ ತಾಳಿ ಮೇಡಂ,” ಎಂದೆ. ಅವರಿಗೆ ನಾನು ತಾಳಿ ಎಂದಿದ್ದು ಅದೇ ಮೊದಲು.

ಮಕ್ಕಳು ಕುಣಿದುಕೊಂಡು ಬಂದರು. ನೆಲವೆಲ್ಲ ರಾಡಿ. ಟಿವಿಯಲ್ಲಿ ಹೊಳೆ ಹರಿಯಿತು. ಗುಬ್ಬಿ ಮೂರು ಕಲ್ಲು ದಾಟಿ, ನಾಲ್ಕನೆಯದು ತಪ್ಪಿ, ಟಿವಿಯಲ್ಲಿ ನೀರು ಚಿಮ್ಮಿಸಿದಳು. ಬೆಂಚಿನತ್ತ ತಿರುಗಿಯೂ ನೋಡದೆ ಸಾಲಿನ ಕೊನೆಗೆ ಓಡಿದಳು.

“ಈ ಹುಡುಗಿ ಓಡ್ತಾಳಾ?” ಹೆಡ್ ಮೇಡಂ ಕೇಳಿದರು.

“ಹೊಳೆ ಇದ್ರೆ ಓಡ್ತಾಳೆ,” ಎಂದರು ಗೇಮ್ಸ್ ಮೇಡಂ.

“ಹಾಗಾದ್ರೆ ಇರ್ಲಿ ಬಿಡಿ. ಆದ್ರೆ ಈ ರಾಡಿ?”

“ಅದು ನನಗೆ ಬಿಡಿ ಮೇಡಂ. ಆಟ ಮುಗಿದ್ಮೇಲೆ ಒರೆಸ್ತೀನಿ,” ಎಂದೆ. “ಅದಕ್ಕೂ ಮುಂಚೆ ಒರೆಸೋದಿಲ್ಲ.”